ಕೊನೆಯ ಕಾಲು ಮಾತ್ರೆ: 14 ವರ್ಷದ ನಿದ್ದೆ ಮಾತ್ರೆ ಬಿಟ್ಟ ಅಜ್ಜಿಯೊಬ್ಬರ ಪ್ರಕರಣ

ಅವರನ್ನು ಇಲ್ಲಿ ಟೀಚರಮ್ಮ ಎಂದು ಕರೆಯುತ್ತೇನೆ. ಊರು, ಮನೆಯವರ ವಿವರ, ಗುರುತು ಸಿಗಬಹುದಾದ ಸಂಗತಿಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಕೇಳಿದಾಗ "ಬರೀರಿ, ಕಾಗುಣಿತ ಮಾತ್ರ ತಪ್ಪಬೇಡಿ" ಎಂದರು.

ನಾನು ಹಳೇ ಮೈಸೂರು ಕಡೆಯ ಒಂದು ಊರಿನಲ್ಲಿ ಮಾತಿನ ಚಿಕಿತ್ಸೆ ಮಾಡುವವಳು. ಮಾತ್ರೆ ಬರೆಯುವ ಅಧಿಕಾರ ನನಗಿಲ್ಲ. ಈ ಪ್ರಕರಣದಲ್ಲಿ ಮಾತ್ರೆಯ ಲೆಕ್ಕವೆಲ್ಲ ಒಬ್ಬ ಫಿಜಿಷಿಯನ್ ಅವರದು. ಮಾತು ನನ್ನದು. ತಪ್ಪುಗಳಲ್ಲಿ ಇಬ್ಬರಿಗೂ ಪಾಲಿದೆ, ಅವನ್ನೂ ಬರೆಯುತ್ತೇನೆ.

ಹಿನ್ನೆಲೆ

ಟೀಚರಮ್ಮನಿಗೆ 74 ವರ್ಷ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾರೆ. ಬಿಪಿ ಇದೆ, ಮಂಡಿನೋವಿದೆ, ಶುಗರ್ ಇಲ್ಲ.

14 ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೂ ನಿದ್ದೆ ಹತ್ತಲಿಲ್ಲ. ಹತ್ತಿರದ ಡಾಕ್ಟರ್ ಆಲ್ಪ್ರಜೋಲಂ 0.25 ಮಿಲಿಗ್ರಾಂ ಬರೆದುಕೊಟ್ಟರು, 10 ದಿನಕ್ಕೆ. ಆ ಚೀಟಿಯನ್ನು ನಾನು ನೋಡಿದೆ. ಪ್ಲಾಸ್ಟಿಕ್ ಕವರಿನೊಳಗೆ ರೇಷನ್ ಕಾರ್ಡಿನ ಪಕ್ಕದಲ್ಲಿ ಜೋಪಾನವಾಗಿತ್ತು. ಮಡಿಕೆಯ ಗೆರೆಯಲ್ಲಿ ಹರಿದು, ಹಿಂದೆ ಅಂಟುಪಟ್ಟಿ ಹಾಕಿದ್ದರು. "10 ದಿನ" ಅನ್ನುವುದು ಅದರ ಮೇಲೆ ಇನ್ನೂ ಓದಲು ಬರುತ್ತಿತ್ತು.

ಹತ್ತು ದಿನ 14 ವರ್ಷವಾದದ್ದು ಹೇಗೆ? ಯಾರೂ ಮೋಸ ಮಾಡಲಿಲ್ಲ. ಕೆಲವು ವರ್ಷದ ನಂತರ ಒಂದು ಮಾತ್ರೆ ಸಾಲದೆ ಎರಡಾಯಿತು, ಅಂದರೆ ರಾತ್ರಿಗೆ 0.5 ಮಿಲಿಗ್ರಾಂ. 2014ರ ಮಾರ್ಚ್ 1ರಿಂದ ಆಲ್ಪ್ರಜೋಲಂ ಎಚ್1 ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದವರು ಯಾರು, ಒಯ್ದವರು ಯಾರು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆದರೆ ಮೆಡಿಕಲ್ ಸ್ಟೋರಿನಲ್ಲಿ ಕೂತವನು ಟೀಚರಮ್ಮನ ಹಳೇ ವಿದ್ಯಾರ್ಥಿ. ಅ ಆ ಇ ಈ ಕಲಿಸಿದವರಿಗೆ "ಹೊಸ ಚೀಟಿ ತನ್ನಿ" ಅಂತ ಹೇಳುವುದು ಹೇಗೆ, ಅಲ್ವಾ?

ಬಂದ ಸಮಸ್ಯೆ

ಒಂದು ರಾತ್ರಿ 2 ಗಂಟೆಗೆ ಬಚ್ಚಲಿಗೆ ಹೋಗುವಾಗ ಬಿದ್ದರು. ಎಡ ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರ್ ಮಾತ್ರೆಗಳ ಪಟ್ಟಿ ನೋಡಿ ಮಗನಿಗೆ ಹೇಳಿದರು: "ಬಿದ್ದಿದ್ದಕ್ಕೆ ಬಚ್ಚಲ ಜೊತೆ ಈ ನಿದ್ದೆ ಮಾತ್ರೆಯೂ ಕಾರಣ ಇರಬಹುದು."

ಅವರು ಹೇಳಿದ್ದು ಸರಿಯೇ. ಬೆಂಜೋಡಯಾಜೆಪೀನ್ ಗುಂಪಿನ ಈ ಮಾತ್ರೆಗಳು ವಯಸ್ಸಾದವರಲ್ಲಿ ಬೀಳುವ, ಮೂಳೆ ಮುರಿಯುವ, ಮಂಕು ಕವಿಯುವ ಅಪಾಯ ಹೆಚ್ಚಿಸುತ್ತವೆ. ಅಮೆರಿಕದ ವೃದ್ಧಚಿಕಿತ್ಸಾ ತಜ್ಞರ ಬಿಯರ್ಸ್ ಪಟ್ಟಿ, 65 ದಾಟಿದವರಿಗೆ ಸಾಧ್ಯವಾದಷ್ಟೂ ಇವನ್ನು ಕೊಡಬೇಡಿ ಎನ್ನುತ್ತದೆ. ಮಗ ಕೂಡ ಮೊಬೈಲಿನಲ್ಲಿ ಇದನ್ನೆಲ್ಲ ಓದಿದ. ಓದಿ ಅವತ್ತೇ ಅಮ್ಮನ ಮಾತ್ರೆ ಡಬ್ಬ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬಿಪಿ ಮಾತ್ರೆ ಮಾತ್ರ ತಾನೇ ಕೈಯಾರೆ ಕೊಡುತ್ತಿದ್ದ.

ಮೊದಲ ಎರಡು ರಾತ್ರಿ ನಿದ್ದೆ ಪೂರಾ ಹೋಯಿತು. ಮೂರನೇ ದಿನ ಕೈ ನಡುಗಿ ಕಾಫಿ ಲೋಟ ಹಿಡಿಯಲಾಗಲಿಲ್ಲ. ಸೆಕೆಯಿಲ್ಲದೆ ಬೆವರು. ನಾಲ್ಕನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದು ಸೊಸೆಯನ್ನು ಎಬ್ಬಿಸಿದರು. ಗೋಡೆ ಮೇಲೆ ಏನೂ ಇರಲಿಲ್ಲ. ಸ್ಟ್ರೋಕ್ ಇರಬೇಕೆಂದು ಆಸ್ಪತ್ರೆಗೆ ಓಡಿದರು. ಸ್ಕ್ಯಾನ್ ನಾರ್ಮಲ್ ಬಂತು. ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದಳಂತೆ: "ಈ ವಾರ ಯಾವ ಮಾತ್ರೆ ನಿಲ್ಲಿಸಿದ್ರಿ?"

ಇಂಥ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರು ಒಮ್ಮೆಲೇ ಬಿಟ್ಟರೆ ಹೀಗೂ ಆಗುತ್ತದೆ, ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಮಗನ ತಲೆಯಲ್ಲಿ ಇದ್ದದ್ದು "ಅರ್ಧ ಮಿಲಿಗ್ರಾಂ ತಾನೇ" ಅನ್ನುವ ಲೆಕ್ಕ. ಡಾಕ್ಟರುಗಳು ಸಾಮಾನ್ಯವಾಗಿ ಬಳಸುವ ಒಂದು ಹೋಲಿಕೆಯ ಪ್ರಕಾರ ಆಲ್ಪ್ರಜೋಲಂ 0.5 ಮಿಲಿಗ್ರಾಂ ಅಂದರೆ ಹೆಚ್ಚುಕಮ್ಮಿ ಅದೇ ಗುಂಪಿನ ಡಯಾಜೆಪಾಮ್ 10 ಮಿಲಿಗ್ರಾಂ. ಅಂಕಿ ಚಿಕ್ಕದು, ಮಾತ್ರೆ ಚಿಕ್ಕದಲ್ಲ.

ಮಾತ್ರೆ ಮತ್ತೆ ಶುರು ಮಾಡಿ, ಎರಡು ವಾರ ಬಿಟ್ಟು ನಮ್ಮ ಹತ್ತಿರ ಕಳಿಸಿದರು. ಟೀಚರಮ್ಮ ಬಂದು ಕೂತು ಮೊದಲು ಹೇಳಿದ್ದು ಇಷ್ಟು: "ನೋಡಮ್ಮ, ನಾನು ಬಿಡಲ್ಲ. ಮಗ ಹೇಳ್ದ ಅಂತ ಬಂದಿದೀನಿ."

ಮೊದಲ ತೀರ್ಮಾನ: ಮಾತ್ರೆ ಮುಟ್ಟಬಾರದು

ಫಿಜಿಷಿಯನ್ನೂ ನಾನೂ ಕೂತು ಮಾತಾಡಿದೆವು. ಮಗನಿಗೆ ಆತುರ, ಅಮ್ಮನಿಗೆ ಭಯ. ಇವೆರಡರ ನಡುವೆ ಡೋಸ್ ಇಳಿಸಲು ಹೊರಟರೆ ಮೊದಲ ಕೆಟ್ಟ ರಾತ್ರಿಗೇ ಎಲ್ಲ ಮುಗಿಯುತ್ತದೆ. ಹಾಗಾಗಿ ಮೊದಲ ಆರು ವಾರ ಮಾತ್ರೆಗೆ ಕೈ ಹಾಕುವುದಿಲ್ಲ, ನಿದ್ದೆಯನ್ನು ಮಾತ್ರ ನೋಡುವುದು ಎಂದು ತೀರ್ಮಾನಿಸಿದೆವು. ಟೀಚರಮ್ಮನಿಗೆ ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಮಗನ ಮುಖ ಬಿಗಿಯಾಯಿತು.

ಕೆನಡಾದ ಕ್ವಿಬೆಕ್‌ನಲ್ಲಿ 76 ಜನ ವಯಸ್ಸಾದವರ ಮೇಲೆ ಒಂದು ಅಧ್ಯಯನ ನಡೆದಿತ್ತು. 2004ರಲ್ಲಿ ಪ್ರಕಟವಾಯಿತು. ಮಾತ್ರೆಯನ್ನು ಡಾಕ್ಟರ ನಿಗಾದಲ್ಲಿ ಇಳಿಸಿದವರಲ್ಲಿ 48 ಶೇಕಡಾ, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 54 ಶೇಕಡಾ, ಎರಡನ್ನೂ ಸೇರಿಸಿದವರಲ್ಲಿ 85 ಶೇಕಡಾ ಜನ ಚಿಕಿತ್ಸೆ ಮುಗಿಯುವ ಹೊತ್ತಿಗೆ ಮಾತ್ರೆ ಬಿಟ್ಟಿದ್ದರು. ಮಗನಿಗೆ ಈ ಅಂಕಿ ತೋರಿಸಿದ ಮೇಲೆ ಆರು ವಾರಕ್ಕೆ ಒಪ್ಪಿದ. ಅಂಕಿ ತೋರಿಸಿದರೆ ಒಪ್ಪುವ ಸ್ವಭಾವದವನು. ಅಮ್ಮ ಹಾಗಲ್ಲ.

ಅಮ್ಮನಿಗೆ ಕೊಟ್ಟದ್ದು ಒಂದು ನೋಟ್‌ಬುಕ್. ಎಷ್ಟಕ್ಕೆ ಮಲಗಿದಿರಿ, ಅಂದಾಜು ಎಷ್ಟಕ್ಕೆ ನಿದ್ದೆ ಬಂತು, ಎಷ್ಟು ಸಲ ಎದ್ದಿರಿ, ಬೆಳಿಗ್ಗೆ ಎಷ್ಟಕ್ಕೆ ಎದ್ದಿರಿ. ಅವರು ಅದಕ್ಕೆ ಸ್ಕೇಲಿಟ್ಟು ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ, ಮೇಲೆ "ಹಾಜರಿ ಪುಸ್ತಕ" ಎಂದು ಬರೆದುಕೊಂಡು ಬಂದರು.

ಎರಡು ವಾರದ ಹಾಜರಿ ನೋಡಿದರೆ ಚಿತ್ರ ಬೇರೆಯೇ ಇತ್ತು. ರಾತ್ರಿ 8:30ಕ್ಕೆ ಮಾತ್ರೆ, ಕೂಡಲೇ ಹಾಸಿಗೆ. ಏಳುವುದು ಬೆಳಿಗ್ಗೆ 6ಕ್ಕೆ. ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಹೆಚ್ಚೆಂದರೆ 5 ಗಂಟೆ. ಅದೂ ಮಾತ್ರೆ ತಿಂದು! ಹಾಗಾದರೆ ಮಾತ್ರೆ ಕೊಡುತ್ತಿದ್ದದ್ದೇನು? ಈ ಪ್ರಶ್ನೆಯನ್ನು ನಾನು ಅವರಿಗೆ ಕೇಳಲಿಲ್ಲ, ನೋಟ್‌ಬುಕ್ ಅವರ ಕಡೆ ತಿರುಗಿಸಿದೆ. ಅವರೇ ಕೂಡಿಸಿ ಕಳೆದು ನೋಡಿ, "ಇದೇನಮ್ಮ, ಫೇಲ್ ಆಗೋ ಮಾರ್ಕ್ಸು" ಎಂದರು.

ಮಾತ್ರೆ ಬಿಟ್ಟು ಉಳಿದ ಸಣ್ಣ ಕೆಲಸಗಳು ಬೇಗ ಆದವು. ನೀರು ಹೋಗಿಸುವ ಬಿಪಿ ಮಾತ್ರೆಯನ್ನು ರಾತ್ರಿ ತಿನ್ನುತ್ತಿದ್ದರು. ಫಿಜಿಷಿಯನ್ ಅದನ್ನು ಬೆಳಿಗ್ಗೆಗೆ ಹಾಕಿದರು. ರಾತ್ರಿ ಮೂರು ಸಲ ಬಚ್ಚಲಿಗೆ ಏಳುತ್ತಿದ್ದದ್ದು ಒಂದಾಯಿತು. ಸಂಜೆ ಆರರ ಕಾಫಿ ಮೂರಕ್ಕೆ ಬಂತು. ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ, ಒದ್ದೆಯಾದರೂ ಜಾರದ ಚಾಪೆ.

ನನ್ನ ತಪ್ಪು ಊಹೆ

ಯಜಮಾನರು ಹೋದಾಗ ಶುರುವಾದ ಮಾತ್ರೆ. ಹಾಗಾಗಿ ದುಃಖವೇ ಬೇರು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಎರಡು ಭೇಟಿ ಪೂರ್ತಿ ಅದನ್ನೇ ಕೆದಕಿದೆ. ಆ ರಾತ್ರಿ ಏನಾಯಿತು, ಯಾರು ಬಂದರು, ಏನನ್ನಿಸಿತು. ಟೀಚರಮ್ಮ ತಾಳ್ಮೆಯಿಂದ ಉತ್ತರ ಕೊಟ್ಟರು. ಎರಡನೇ ಭೇಟಿಯ ಕೊನೆಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಹೇಳಿದರು: "ಅದಾಗಿ 14 ವರ್ಷ ಆಯ್ತಮ್ಮ. ನಾನು ಮುಂದೆ ಬಂದಿದೀನಿ. ನೀವ್ಯಾಕೆ ಅಲ್ಲೇ ನಿಂತಿದೀರಿ?"

ಮಾತ್ರೆ ಶುರುವಾಗಲು ಇದ್ದ ಕಾರಣ ಬೇರೆ, ಮುಂದುವರಿಯಲು ಇರುವ ಕಾರಣ ಬೇರೆ. ಇದು ಪುಸ್ತಕದಲ್ಲಿ ನನಗೆ ಗೊತ್ತಿದ್ದ ವಿಷಯವೇ. ಎದುರಿಗೆ ವಿಧವೆ ಅಜ್ಜಿ ಕೂತಾಗ ಮರೆತೆ.

ಸರಿಯಾದ ಪ್ರಶ್ನೆ ಹಾಜರಿ ಪುಸ್ತಕದಲ್ಲೇ ಇತ್ತು: 8:30ಕ್ಕೇ ಯಾಕೆ ಮಲಗುತ್ತೀರಿ? ಉತ್ತರ ನೇರವಾಗಿತ್ತು. ಎಂಟಕ್ಕೆ ಊಟ. ಊಟ ಆದ ಮೇಲೆ ಮಗ ಲ್ಯಾಪ್‌ಟಾಪ್ ತೆಗೆಯುತ್ತಾನೆ, ಸೊಸೆ ಅಡುಗೆಮನೆ ತೊಳೆಯುತ್ತಾಳೆ, ಮೊಮ್ಮಗಳು ಬಾಗಿಲು ಹಾಕಿಕೊಂಡು ಓದುತ್ತಾಳೆ. "ಆಮೇಲೆ ನನಗೇನು ಕೆಲಸ? ಮಾತ್ರೆ ತಗೊಂಡ್ರೆ ಬೆಲ್ ಹೊಡೆದ ಹಾಗೆ. ಶಾಲೆ ಬಿಡ್ತು."

ನಾವು ನಿದ್ದೆ ಮಾತ್ರೆ ಎಂದುಕೊಂಡಿದ್ದೆವು. ಅವರು ಅದನ್ನು ಬಳಸುತ್ತಿದ್ದದ್ದು ಸಂಜೆಯನ್ನು ಮುಗಿಸಲು. ಹಾಗಾದರೆ ಕೆಲಸ ಇರುವುದು ಮಧ್ಯರಾತ್ರಿಯಲ್ಲಲ್ಲ, ಎಂಟೂವರೆಯಿಂದ ಹತ್ತೂವರೆಯ ನಡುವೆ.

ಸಂಜೆ ಎರಡು ಗಂಟೆ ತುಂಬುವುದು

ನಿದ್ದೆ ಬಾರದವರಿಗೆಂದೇ ಇರುವ ಸಿಬಿಟಿ-ಐ ಅನ್ನುವ ಮಾತಿನ ಚಿಕಿತ್ಸೆಯಲ್ಲಿ ಹಾಸಿಗೆಯಲ್ಲಿರುವ ಹೊತ್ತನ್ನು ನಿದ್ದೆಯ ಹೊತ್ತಿಗೆ ಹತ್ತಿರ ತರುವುದು ಮುಖ್ಯ ಹೆಜ್ಜೆ. ಹೊರಳಾಡುವ ಹೊತ್ತು ಕಮ್ಮಿಯಾದಷ್ಟೂ ಹಾಸಿಗೆ ಅಂದರೆ ನಿದ್ದೆ ಎಂದು ಮೈ ಮತ್ತೆ ಕಲಿಯುತ್ತದೆ. ವಯಸ್ಸಿನವರಿಗೆ ಇದನ್ನು ಒಮ್ಮೆಲೇ ಮಾಡಿಸುವುದಿಲ್ಲ. ಬಿದ್ದಾರು ಅನ್ನುವ ಭಯ. ವಾರಕ್ಕೆ ಅರ್ಧ ಗಂಟೆಯಂತೆ ತಡ ಮಾಡುತ್ತಾ ಹೋದೆವು. 9, 9:30, 10, 10:30. ಬೆಳಿಗ್ಗೆ ಏಳುವುದು 5:30ಕ್ಕೆ, ರಾತ್ರಿ ಹೇಗೇ ಕಳೆದಿರಲಿ. ಮಾತ್ರೆಯ ಹೊತ್ತೂ ಮಲಗುವ ಹೊತ್ತಿನ ಜೊತೆಗೇ ತಡವಾಗುತ್ತಾ ಹೋಯಿತು.

ಖಾಲಿಯಾದ ಎರಡು ಗಂಟೆಗೆ ಏನು ಹಾಕುವುದು? ಮೊಮ್ಮಗಳು ಇಂಗ್ಲಿಷ್ ಮೀಡಿಯಂ, ಒಂಬತ್ತನೇ ಕ್ಲಾಸು, ಕನ್ನಡದಲ್ಲಿ ವೀಕು. ಅಜ್ಜಿ ದಿನಾ ಮುಕ್ಕಾಲು ಗಂಟೆ ಕನ್ನಡ ಹೇಳಿಕೊಡಲಿ ಎಂದೆ. ನನಗೆ ನನ್ನ ಉಪಾಯದ ಬಗ್ಗೆ ಬಹಳ ಹೆಮ್ಮೆ ಇತ್ತು. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಹುಡುಗಿ, "ಅಜ್ಜಿ ಸಂಧಿ ತಪ್ಪಿದ್ರೆ ಹತ್ತು ಸಲ ಬರೆಸ್ತಾರೆ" ಎಂದು ಕೈಬಿಟ್ಟಳು.

ಉಳಿದದ್ದು ಅವರೇ ಹುಡುಕಿಕೊಂಡ ಕೆಲಸ. ಬತ್ತಿ ಹೊಸೆಯುವುದು. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಒದ್ದಾಡಬೇಡಿ, ಪಕ್ಕದ ಕುರ್ಚಿಯಲ್ಲಿ ಕೂತು ಮನಸ್ಸಿಗೆ ಭಾರವಲ್ಲದ ಏನಾದರೂ ಮಾಡಿ, ಕಣ್ಣು ಎಳೆದಾಗ ಮಲಗಿ ಎಂದು ಹೇಳಿದ್ದೆ. ಅವರು ಮೊರದಲ್ಲಿ ಹತ್ತಿ ಇಟ್ಟುಕೊಂಡು ಕೂತರು. ಒಂದು ಎಸಳು ಬಿಡಿಸಿ, ಬೆರಳ ತುದಿಗೆ ಚೂರು ವಿಭೂತಿ ಮುಟ್ಟಿಸಿ, ತುದಿ ಹೊಸೆದು ಹೂಬತ್ತಿ. ಮುರಿದ ಮಣಿಕಟ್ಟಿಗೆ ವ್ಯಾಯಾಮವೂ ಆಯಿತು. ಹಾಜರಿ ಪುಸ್ತಕದ ಅಂಚಿನಲ್ಲಿ "ಬತ್ತಿ 22", "ಬತ್ತಿ 35" ಎಂದು ಬರೆಯತೊಡಗಿದರು.

ಭಯದ ಮಾತೂ ಆಗಬೇಕಿತ್ತು. "ನಿದ್ದೆ ಕೆಟ್ಟರೆ ಮಾರನೇ ದಿನ ಬಿದ್ದುಬಿಡ್ತೀನಿ" ಅನ್ನುವುದು ಅವರ ಗಟ್ಟಿ ನಂಬಿಕೆ. ನಾನು ವಾದ ಮಾಡಲಿಲ್ಲ. ಯಾವತ್ತಾದರೂ ಬೇಕೆಂದೇ ನಿದ್ದೆ ಬಿಟ್ಟಿದ್ದೀರಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ನಕ್ಕರು. "ಪ್ರತಿ ಶಿವರಾತ್ರಿ ಜಾಗರಣೆ ಮಾಡಿ ಬೆಳಿಗ್ಗೆ ಶಾಲೆಗೆ ಹೋಗಿದೀನಿ. ಏನೂ ಆಗಿಲ್ಲ." ಬಿದ್ದ ರಾತ್ರಿ? ಅವತ್ತು ಎರಡೂ ಮಾತ್ರೆ ತಿಂದು ಮಲಗಿದ್ದರು. ಆ ಮಾತು ಅವರಲ್ಲಿ ಇಳಿಯಲು ಒಂದು ವಾರ ಬೇಕಾಯಿತು. ಮುಂದಿನ ಭೇಟಿಗೆ ಬಂದು ಅವರೇ ಹೇಳಿದರು: "ಸರಿ, ಒಂದು ಚೂರು ಕತ್ತರಿಸಿ ನೋಡೋಣ."

ಬ್ಲೇಡು ಯಾರ ಕೈಯಲ್ಲಿ

ಏಳನೇ ವಾರ ಶುರು. ಫಿಜಿಷಿಯನ್ ಹಾಕಿದ ಲೆಕ್ಕ ಸರಳ. 0.25ರ ಎರಡು ಮಾತ್ರೆಯಿಂದ ಕಾಲು ಕಾಲು ಮಾತ್ರೆ ಇಳಿಸುವುದು, ಪ್ರತಿ ಹೆಜ್ಜೆಗೆ ಕನಿಷ್ಠ ಎರಡು ವಾರ. ತುಂಬಾ ಹೊತ್ತು ಮೈಯಲ್ಲಿ ನಿಲ್ಲುವ ಡಯಾಜೆಪಾಮ್‌ಗೆ ಬದಲಾಯಿಸಿ ಇಳಿಸುವ ಪದ್ಧತಿಯೂ ಇದೆ. ಈ ವಯಸ್ಸಿನಲ್ಲಿ ಅದು ಮೈಯಲ್ಲಿ ಸೇರುತ್ತಾ ಹೋಗಿ ಮತ್ತೆ ಬೀಳಬಹುದೆಂದು ಅವರು ಬೇಡವೆಂದರು.

ಮೊದಲು ಸೊಸೆ ಕತ್ತರಿಸಿ ಕೊಡಲಿ ಎಂದಿದ್ದೆವು. ಒಂದೇ ವಾರದಲ್ಲಿ ಮನೆಯಲ್ಲಿ ಕಿರಿಕಿರಿ. "ಅತ್ತೆ ನನ್ನನ್ನ ಕಳ್ಳಿ ಥರ ನೋಡ್ತಾರೆ" ಎಂದು ಸೊಸೆ. "ಮಕ್ಕಳಿಗೆ ಪೆಪ್ಪರ್‌ಮೆಂಟು ಎಣಿಸಿದ ಹಾಗೆ ಕೊಡ್ತಾಳೆ" ಎಂದು ಅತ್ತೆ. ವ್ಯವಸ್ಥೆ ತಿರುಗಿಸಿದೆವು. ಭಾನುವಾರ ಟೀಚರಮ್ಮನೇ ವಾರಕ್ಕಾಗುವಷ್ಟು ಮಾತ್ರೆ ಕತ್ತರಿಸಿ ಏಳು ಮನೆಯ ಡಬ್ಬದಲ್ಲಿ ತುಂಬುವುದು. ಸೊಸೆ ಪಕ್ಕದಲ್ಲಿ ಕೂತಿರುವುದು, ಅಷ್ಟೇ. ಚಿಕ್ಕ ಮಾತ್ರೆ, ಕಾಲು ಭಾಗ ಮಾಡಲು ಹೋದರೆ ಪುಡಿಯಾಗುತ್ತದೆ. ಮಾತ್ರೆ ಕತ್ತರಿಸುವ ಪುಟ್ಟ ಸಾಧನ ತರಿಸಿಕೊಟ್ಟೆವು. ಒಂದು ಚೂರು ದೊಡ್ಡದು, ಒಂದು ಚಿಕ್ಕದು ಆದರೆ ಪರವಾಗಿಲ್ಲ ಎಂದು ಫಿಜಿಷಿಯನ್ ಹೇಳಿದ್ದರು. ಟೀಚರಮ್ಮನಿಗೆ ಮಾತ್ರ ಪರವಾಗಿತ್ತು. ಭೂತಗನ್ನಡಿ ಹಿಡಿದು ಸಮ ಮಾಡುತ್ತಿದ್ದರು.

ಗ್ಯಾಸ್ ಮಾತ್ರೆ

ಹನ್ನೊಂದನೇ ವಾರ. ಡೋಸ್ ಎರಡರಿಂದ ಒಂದೂವರೆಗೆ ಬಂದಿತ್ತು. ಕಷ್ಟವಾಗಬೇಕಿದ್ದ ಹೊತ್ತಿನಲ್ಲಿ ಎಲ್ಲ ಸಲೀಸು. ರಾತ್ರಿ ನಿದ್ದೆ ಚೆನ್ನ. ಮಧ್ಯಾಹ್ನವೂ ನಿದ್ದೆ. ಆದರೆ ಮಾತು ತೊದಲುತ್ತಿತ್ತು, ನನ್ನ ಹೆಸರು ಮರೆತರು. ಸೊಸೆ ಹೇಳಿದಳು: "ಹೊಟ್ಟೆ ಸರಿಯಿಲ್ಲ ಅಂತ ಗ್ಯಾಸ್ ಮಾತ್ರೆ ಜಾಸ್ತಿ ತಗೊಳ್ತಿದಾರೆ."

ಯಾವ ಗ್ಯಾಸ್ ಮಾತ್ರೆ? ಮನೆಯಲ್ಲಿರುವ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದೆವು. ಶೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ಕ್ಲೋರ್‌ಡಯಾಜೆಪಾಕ್ಸೈಡ್ 5 ಮಿಲಿಗ್ರಾಂ, ಕ್ಲಿಡಿನಿಯಂ 2.5 ಮಿಲಿಗ್ರಾಂ. ಮೊದಲನೆಯದು ಆಲ್ಪ್ರಜೋಲಂನ ಅಣ್ಣ. 1960ರಲ್ಲಿ ಮಾರುಕಟ್ಟೆಗೆ ಬಂದ, ಈ ಗುಂಪಿನ ಮೊಟ್ಟಮೊದಲ ಮಾತ್ರೆ ಅದು. ಹೊಟ್ಟೆಯುಬ್ಬರಕ್ಕೆಂದು ಆರು ವರ್ಷದಿಂದ ದಿನಕ್ಕೆ ಎರಡು ತಿನ್ನುತ್ತಿದ್ದರು. ಈಗ ನಾಲ್ಕಾಗಿತ್ತು. ನಿದ್ದೆ ಮಾತ್ರೆ ಇಳಿಸುವಾಗ ಹೊಟ್ಟೆ ಕೆಡುವುದು ಸಾಮಾನ್ಯ, ಅದಕ್ಕೇ ಇನ್ನೆರಡು ಸೇರಿಸಿಕೊಂಡಿದ್ದರು. 25 ಮಿಲಿಗ್ರಾಂ ಕ್ಲೋರ್‌ಡಯಾಜೆಪಾಕ್ಸೈಡ್ ಅಂದರೆ ಸುಮಾರು ಅರ್ಧ ಮಿಲಿಗ್ರಾಂ ಆಲ್ಪ್ರಜೋಲಂ. ಆ ಲೆಕ್ಕದಲ್ಲಿ ನಾವು ಬಾಗಿಲಿನಿಂದ ಕಳಿಸಿದ್ದಕ್ಕಿಂತ ಜಾಸ್ತಿ ಕಿಟಕಿಯಿಂದ ಒಳಗೆ ಬಂದಿತ್ತು.

ಇದು ನಮ್ಮದೇ ತಪ್ಪು. ಮೊದಲ ದಿನ "ಏನೇನು ಮಾತ್ರೆ ತಗೊಳ್ತೀರಿ" ಎಂದು ಕೇಳಿದ್ದೆವು. ಅವರ ಲೆಕ್ಕದಲ್ಲಿ ಗ್ಯಾಸ್ ಮಾತ್ರೆ ಮಾತ್ರೆಯೇ ಅಲ್ಲ, ಜೀರಿಗೆ ಕಷಾಯದ ಹಾಗೆ. ಮಗ ಡಬ್ಬಕ್ಕೆ ಬೀಗ ಹಾಕಿದಾಗ ಪರಿಣಾಮ ಅಷ್ಟು ಜೋರಾಗಿದ್ದಕ್ಕೂ ಆಗ ಅರ್ಥ ಸಿಕ್ಕಿತು. ಗ್ಯಾಸ್ ಮಾತ್ರೆಯೂ ಅದೇ ಡಬ್ಬದಲ್ಲಿತ್ತು. ಒಂದಲ್ಲ, ಎರಡು ಒಟ್ಟಿಗೆ ನಿಂತಿದ್ದವು. ಈಗ ನಾನು ಹೊಸಬರು ಯಾರೇ ಬಂದರೂ ಪಟ್ಟಿ ಕೇಳುವುದಿಲ್ಲ, ಚೀಲ ಕೇಳುತ್ತೇನೆ.

ಯಾವುದನ್ನು ಮೊದಲು ಬಿಡಿಸುವುದು ಎಂದು ನಮ್ಮಿಬ್ಬರಲ್ಲಿ ಚರ್ಚೆಯಾಯಿತು. ಕ್ಲಿಡಿನಿಯಂ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಮುದುಕರ ತಲೆ ಮಂಕು ಮಾಡುತ್ತದೆ. ಆ ಕಡೆಯಿಂದ ನೋಡಿದರೆ ಗ್ಯಾಸ್ ಮಾತ್ರೆಯೇ ಮೊದಲು ಹೋಗಬೇಕು. ಆದರೆ ಟೀಚರಮ್ಮನ ಮನಸ್ಸು ಸಿದ್ಧವಾಗಿದ್ದದ್ದು ನಿದ್ದೆ ಮಾತ್ರೆಗೆ. ಎರಡನ್ನೂ ಒಟ್ಟಿಗೆ ಅಲುಗಾಡಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಕೊನೆಗೆ ಗ್ಯಾಸ್ ಮಾತ್ರೆಯನ್ನು ಮೆಲ್ಲಗೆ ನಾಲ್ಕರಿಂದ ಎರಡಕ್ಕೆ ತಂದು ಅಲ್ಲೇ ನಿಲ್ಲಿಸಿ, ನಾಲ್ಕು ವಾರ ಬೇರೇನೂ ಮುಟ್ಟದೆ, ಆಮೇಲೆ ಆಲ್ಪ್ರಜೋಲಂ ಮುಂದುವರಿಸಿದೆವು. ಬೇರೆ ಡಾಕ್ಟರಾದರೆ ಬೇರೆ ದಾರಿ ಹಿಡಿಯಬಹುದಿತ್ತು.

ಬತ್ತಿ ಹೇಳಿದ ನಿಜ

ಒಂದೂಕಾಲು, ಒಂದು, ಮುಕ್ಕಾಲು. ಹಾಜರಿ ಪುಸ್ತಕ ಅಂದವಾಗುತ್ತಾ ಹೋಯಿತು. 10:30ಕ್ಕೆ ಮಲಗಿದೆ, 10:45ಕ್ಕೆ ನಿದ್ದೆ, 5:15ಕ್ಕೆ ಎಚ್ಚರ. ಅರ್ಧ ಮಾತ್ರೆಗೆ ಇಳಿದ ಮೇಲೂ ಹಾಗೇ. ನಾನು ಪ್ರತಿ ಪುಟದ ಕೆಳಗೆ ರೈಟ್ ಮಾರ್ಕ್ ಹಾಕಿ "ಚೆನ್ನಾಗಿದೆ" ಎಂದು ಬರೆಯುತ್ತಿದ್ದೆ. ತಮಾಷೆಗೆ, ಟೀಚರಿಗೆ ಟೀಚರು.

25ನೇ ವಾರ ಅವರು ನನಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. "ನಿಮ್ಮ ದೇವರ ಮನೆಗೆ ಇಟ್ಕೊಳ್ಳಿ." ಒಳಗೆ ಹೂಬತ್ತಿ. ಬಹಳ ಇದ್ದವು. ಮನೆಗೆ ಹೋಗಿ ಸುಮ್ನೆ ಎಣಿಸಿದೆ, 300ಕ್ಕಿಂತ ಮೇಲೆ. ಹಾಜರಿ ಪುಸ್ತಕದ ಅಂಚಿನಲ್ಲಿ ಎರಡು ವಾರದಿಂದ ಬತ್ತಿಯ ಸಂಖ್ಯೆ ಇರಲಿಲ್ಲ. ಹೀಗೆ ರಾತ್ರಿಯಿಡೀ ಮಲಗುವವರು ಇಷ್ಟು ಬತ್ತಿ ಯಾವಾಗ ಹೊಸೆದರು?

ಮುಂದಿನ ಭೇಟಿಯಲ್ಲಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಚೆನ್ನಾಗಿದೆ ಅಂತ ಬರೀತಿದ್ರಲ್ಲ. ಕೆಟ್ಟದಾಗಿ ಬರೆಯೋಕೆ ಮನಸ್ಸಾಗ್ಲಿಲ್ಲ." 40 ವರ್ಷ ಮಕ್ಕಳಿಗೆ ಮಾರ್ಕ್ಸ್ ಕೊಟ್ಟವರು. ನಾನು ಅವರ ನಿದ್ದೆಗೆ ಮಾರ್ಕ್ಸ್ ಹಾಕಿದ್ದೆ. ಅವರು ಕಾಪಿ ಹೊಡೆದಿದ್ದರು.

ಇಡೀ ಪ್ರಕರಣದಲ್ಲಿ ನಾನು ಜಾಸ್ತಿ ಯೋಚಿಸಿದ್ದು ಇದರ ಬಗ್ಗೆ. ನಿದ್ದೆ ಎಷ್ಟಾಯಿತೆಂದು ನಾವು ಕೇಳಿದಷ್ಟೂ ನಿದ್ದೆ ಪರೀಕ್ಷೆಯಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಯಾರಿಗೆ ನಿದ್ದೆ ಬರುತ್ತದೆ? ಅವತ್ತಿನಿಂದ ಪುಸ್ತಕದಲ್ಲಿ ನಿದ್ದೆಯ ಕಾಲಂ ಹೊಡೆದುಹಾಕಿದೆವು. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಹಗಲು ಏನು ಮಾಡಿದೆ, ಅಷ್ಟೇ. ಬೇಕಿದ್ದರೆ ಬತ್ತಿ. ರೈಟ್ ಮಾರ್ಕ್ ಇಲ್ಲ. ಅರ್ಧ ಮಾತ್ರೆಯಲ್ಲೇ ಏಳು ವಾರ ನಿಂತೆವು. ಮಗ ಫೋನ್ ಮಾಡಿ "ಇನ್ನೂ ಅರ್ಧವೇ?" ಎಂದ. ಹೌದು ಎಂದೆ.

ಕೊನೆಯ ಕಾಲು

ಅರ್ಧದಿಂದ ಕಾಲಿಗೆ ಇಳಿಯುವ ಹೊತ್ತಿನಲ್ಲಿ ನೆಂಟರ ಮದುವೆ ಬಂತು. ಛತ್ರದಲ್ಲಿ ರಾತ್ರಿ ಗಲಾಟೆ, ಚಾಪೆ ಮೇಲೆ ಮಲಗುವುದು. ನಾದಿನಿ ತನ್ನ ಪರ್ಸಿನಿಂದ ಒಂದು ಮಾತ್ರೆ ತೆಗೆದುಕೊಟ್ಟರು, 0.5. ತಿಂದರು. ಮದುವೆ ಮನೆಗಳಲ್ಲಿ ಎಲೆಅಡಿಕೆಯ ಹಾಗೆ ಈ ಮಾತ್ರೆ ಕೈ ಬದಲಾಯಿಸುವುದನ್ನು ನಾನೂ ನೋಡಿದ್ದೇನೆ. ಈ ಸಲ ಅವರು ಮುಚ್ಚಿಡಲಿಲ್ಲ. ಪುಸ್ತಕದಲ್ಲಿ ಆ ದಿನದ ಎದುರಿಗೆ "ಗೈರುಹಾಜರಿ" ಎಂದು ಬರೆದಿದ್ದರು. ಒಂದು ದಿನ ಗೈರಾದ ಮಗುವನ್ನು ಹಿಂದಿನ ಕ್ಲಾಸಿಗೆ ಕಳಿಸುತ್ತೀರಾ ಎಂದೆ. ಮಾರನೇ ದಿನದಿಂದ ಮತ್ತೆ ಅದೇ ಅರ್ಧ.

ಎರಡು ಮಾತ್ರೆಯಿಂದ ಒಂದೂಮುಕ್ಕಾಲಿಗೆ ಬಂದಾಗ ಕಳೆದದ್ದು ಎಂಟನೇ ಒಂದು ಪಾಲು. ಅರ್ಧದಿಂದ ಕಾಲಿಗೆ ಬಂದರೆ ಇರುವುದರಲ್ಲಿ ಅರ್ಧವೇ ಹೋಯಿತು. ಕತ್ತರಿಸುವ ಚೂರು ಅದೇ, ಮೈಗೆ ಬೀಳುವ ಪೆಟ್ಟು ಬೇರೆ. ಅಮೆರಿಕದಲ್ಲಿ 2025ರಲ್ಲಿ ಬಂದ ಮಾರ್ಗಸೂಚಿಯೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಆಗಿನ ಡೋಸಿನ 5ರಿಂದ 10 ಶೇಕಡಾ ಮಾತ್ರ ಇಳಿಸಿ ಶುರುಮಾಡಿ ಎನ್ನುತ್ತದೆ. ಇಷ್ಟು ಚಿಕ್ಕ ಮಾತ್ರೆಯಲ್ಲಿ ಅಂಥ ಚೂರು ಮಾಡಲು ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ಹೊತ್ತನ್ನು ಹಿಗ್ಗಿಸಿದೆವು. ಕಾಲು ಮಾತ್ರೆಯಲ್ಲಿ ಆರು ವಾರ. ಕೆಲವರು ದಿನ ಬಿಟ್ಟು ದಿನ ಕೊಡುತ್ತಾರೆ. ಬೇಗ ಇಳಿದುಹೋಗುವ ಆಲ್ಪ್ರಜೋಲಂಗೆ ಅದು ಹೊಂದುವುದಿಲ್ಲ, ಮಾತ್ರೆ ಇಲ್ಲದ ದಿನವೆಲ್ಲ ಒಮ್ಮೆಲೇ ಬಿಟ್ಟಾಗಿನ ಕಾಟವೇ ಸಣ್ಣದಾಗಿ ಬರುತ್ತದೆ ಎಂದು ಫಿಜಿಷಿಯನ್ ಬೇಡವೆಂದರು.

ಕೊನೆಯ ಚೂರಿಗೆ ಔಷಧದ ಕೆಲಸ ಕಮ್ಮಿ, ಧೈರ್ಯದ ಕೆಲಸ ಜಾಸ್ತಿ. ಅದನ್ನು ಯಾವತ್ತು ಬಿಡುವುದೆಂದು ನಾವು ಹೇಳಲಿಲ್ಲ. ಒಂದು ಭಾನುವಾರ ಅವರು ಡಬ್ಬ ತುಂಬಲಿಲ್ಲ. ಸೊಸೆ ನೋಡಿದಳು, ಏನೂ ಕೇಳಲಿಲ್ಲ. ಅವಳ ಆ ಮೌನಕ್ಕೆ ಈ ಪ್ರಕರಣದಲ್ಲಿ ದೊಡ್ಡ ಪಾಲಿದೆ. ಮೂರು ರಾತ್ರಿ ಕೆಟ್ಟವು. ಮೂರನೇ ದಿನ ಫೋನ್ ಬಂತು: "ಬತ್ತಿ 60. ಜಾಗರಣೆ ಅಂದ್ಕೊಂಡೆ."

ಏನಾಯಿತು

ಆಲ್ಪ್ರಜೋಲಂ ನಿಲ್ಲಲು 9 ತಿಂಗಳು ಹಿಡಿಯಿತು, ಗ್ಯಾಸ್ ಮಾತ್ರೆಗೆ ಇನ್ನೆರಡು. ಎಂಟು ಭೇಟಿ ಎಂದುಕೊಂಡದ್ದು 17 ಆಯಿತು. ಆರು ತಿಂಗಳ ನಂತರ, ಅವರೇ ಒಪ್ಪಿದ ಮೇಲೆ ಎರಡು ವಾರ ನಿದ್ದೆಯ ಕಾಲಂ ಮತ್ತೆ ಬರೆಸಿದೆವು. ಹಾಸಿಗೆಯಲ್ಲಿ 7 ಗಂಟೆ, ನಿದ್ದೆ ಸುಮಾರು ಐದೂಮುಕ್ಕಾಲು. ಮಾತ್ರೆ ತಿನ್ನುವಾಗ ಇದ್ದದ್ದಕ್ಕಿಂತ ಮುಕ್ಕಾಲು ಗಂಟೆ ಜಾಸ್ತಿ. ಮತ್ತೆ ಬಿದ್ದಿಲ್ಲ. ಮಲಬದ್ಧತೆ ಹೋಗಿದೆ. ನೆನಪಿನ ಪರೀಕ್ಷೆಯಲ್ಲಿ ಅಂಕ ಏರಿದೆ. ಒಮ್ಮೆ ಬರೆದ ಪರೀಕ್ಷೆಯನ್ನೇ ಮತ್ತೆ ಬರೆದಾಗ ಅಂಕ ಏರುವುದೂ ಉಂಟು, ಹಾಗಾಗಿ ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಮೂರೂವರೆಗೆ ಈಗಲೂ ಎಚ್ಚರವಾಗುತ್ತದೆ. "ಚೆನ್ನಾಗಿ ನಿದ್ದೆ ಮಾಡ್ತೀನಿ" ಎಂದು ಅವರು ಇವತ್ತಿಗೂ ಹೇಳುವುದಿಲ್ಲ. "ಆಗುತ್ತೆ" ಎನ್ನುತ್ತಾರೆ.

ಇದೇ ದಾರಿ ಎಲ್ಲರಿಗೂ ಆಗುತ್ತದೆಯೇ? ಈ ಮನೆಯಲ್ಲಿ ಓದು ಬಲ್ಲ ಅಜ್ಜಿ, ಪಕ್ಕದಲ್ಲಿ ಕೂರುವ ಸೊಸೆ, ವಾರಕ್ಕೊಮ್ಮೆ ಫೋನ್ ಎತ್ತುವ ಫಿಜಿಷಿಯನ್ ಇದ್ದರು. 17 ಭೇಟಿ ಎಲ್ಲರಿಂದ ಆಗುವುದಿಲ್ಲ. ಅಷ್ಟು ಆಗದಿದ್ದರೂ ಸ್ವಲ್ಪ ಆಗುತ್ತದೆ. ಕೆನಡಾದಲ್ಲೇ 303 ಹಿರಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆಯ ಅಪಾಯವನ್ನೂ ನಿಧಾನಕ್ಕೆ ಇಳಿಸುವ ಕ್ರಮವನ್ನೂ ತಿಳಿಸುವ ಕಿರುಹೊತ್ತಿಗೆ ಕೈಗೆ ಕೊಟ್ಟದ್ದಕ್ಕೇ ಆರು ತಿಂಗಳಲ್ಲಿ 27 ಶೇಕಡಾ ಜನ ಬಿಟ್ಟಿದ್ದರು, ಕೊಡದವರಲ್ಲಿ 5 ಶೇಕಡಾ. ಮೆಡಿಕಲ್ ಸ್ಟೋರಿನ ಆ ಹಳೇ ವಿದ್ಯಾರ್ಥಿಗೆ ಟೀಚರಮ್ಮ ಈಗ ತಾವೇ ಹೇಳಿದ್ದಾರಂತೆ, ಚೀಟಿಯ ತಾರೀಕು ನೋಡದೆ ಯಾರಿಗೂ ಕೊಡಬೇಡ, ನನಗೂ ಕೊಡಬೇಡ ಅಂತ.

ಹೋದ ಕಾರ್ತಿಕದಲ್ಲಿ ಸೊಸೆ ಜೊತೆ ಬಂದಿದ್ದರು. ಲಕ್ಷ ಬತ್ತಿಗೆ ದೇವಸ್ಥಾನದವರು ಇವರ ಕೈಲಿ 1,000 ಬತ್ತಿ ಕೇಳಿದ್ದರಂತೆ. ಕೊಟ್ಟಿರಾ ಎಂದೆ. ಟೀಚರಮ್ಮ ಸೊಸೆ ಮುಖ ನೋಡಿದರು. ಸೊಸೆ ನಗು ತಡೆಯಲಾಗದೆ ಹೇಳಿದಳು: "600 ಆಗಿತ್ತು ಮೇಡಂ. ಉಳಿದಿದ್ದು ಅಂಗಡಿಯಿಂದ ತಂದ್ವಿ."